ಸ್ಕ್ಯಾನಿಂಗ್ ಚಿತ್ರದ ಹಿಂದಿನ ಲೆಕ್ಕ

ಆಸ್ಪತ್ರೆಗಳಲ್ಲಿ ‘ಸ್ಕ್ಯಾನಿಂಗ್’ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾಗಿರುವ ಶ್ರವಣಾತೀತ ಶಬ್ದದ ಚಿತ್ರವನ್ನು ಜನರು ಸಾಮಾನ್ಯವಾಗಿ ಒಂದು ಬಗೆಯ ಛಾಯಾಚಿತ್ರವೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಅದು ಒಂದು ಲೆಕ್ಕದ ಉತ್ತರ. ಆ ಲೆಕ್ಕದ ತಿರುಳು ಪ್ರೌಢಶಾಲೆಯ ಗಣಿತವನ್ನು ಮೀರಿದ್ದಲ್ಲ. ಅದನ್ನೂ, ಅದರೊಳಗೆ ಅಡಗಿರುವ ಒಂದು ಊಹೆಯನ್ನೂ ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಅರಿತಿರಬೇಕೆಂಬುದು ನಮ್ಮ ಅಭಿಪ್ರಾಯ.

ಬೆಳಕನ್ನು ಒಂದು ಬಿಂದುವಿನಲ್ಲಿ ಕೂಡಿಸಲು ಗಾಜಿನ ಮಸೂರವಿದೆ. ಆದರೆ ದೇಹದ ಬೇರೆ ಬೇರೆ ಆಳಗಳಿಂದ ಹಿಂದಿರುಗುವ ಪ್ರತಿಧ್ವನಿಗಳಿಗೆ ತಕ್ಕಂತೆ ಕ್ಷಣಕ್ಷಣಕ್ಕೂ ಮಸೂರವನ್ನು ಬದಲಾಯಿಸುವುದು ಹೇಗೆ? 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಉದರದ ಚಿತ್ರಗಳನ್ನು ಪ್ರಕಟಿಸಿದಾಗ ಇದಕ್ಕೆ ಉಪಾಯವಿರಲಿಲ್ಲ. 1968ರಲ್ಲಿ ನೆದರ್‌ಲೆಂಡ್ಸಿನ ಸೋಮರ್ ಎಂಬವರು ಸಣ್ಣ ಹರಳುಗಳನ್ನು ಸಾಲಾಗಿ ಜೋಡಿಸಿ, ಅವುಗಳನ್ನು ಕಿಂಚಿತ್ ಕಾಲಭೇದದಿಂದ ಕಂಪಿಸುವಂತೆ ಮಾಡಿ, ಶಬ್ದದ ಕಿರಣವನ್ನು ಬೇಕಾದತ್ತ ತಿರುಗಿಸಿದರು. 1970ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಥರ್ಸ್ಟನ್ ಮತ್ತು ಫಾನ್ ರಾಮ್ ಎಂಬವರು ಪ್ರತಿಧ್ವನಿ ಬರುತ್ತಿರುವಾಗಲೇ ಸಂಗಮಬಿಂದುವನ್ನು ಆಳಕ್ಕೆ ಸರಿಸುತ್ತ ಹೋಗುವ ವಿಧಾನವನ್ನು ಬಳಕೆಗೆ ತಂದರು.

ಅದರ ಲೆಕ್ಕ ಹೀಗಿದೆ. ಹರಳುಗಳ ಸಾಲು 2 ಸೆಂಟಿಮೀಟರ್ ಉದ್ದವಿದೆಯೆನ್ನೋಣ. ಸಾಲಿನ ನಡುವಿನಿಂದ ನೇರ ಕೆಳಗೆ, 4 ಸೆಂಟಿಮೀಟರ್ ಆಳದಲ್ಲಿ ಒಂದು ಬಿಂದುವಿದೆ. ಅಲ್ಲಿಂದ ತುದಿಯ ಹರಳಿಗೆ ಇರುವ ದೂರವು ಪೈಥಾಗೊರಸನ ಪ್ರಮೇಯದಂತೆ 4.12 ಸೆಂಟಿಮೀಟರ್, ಎಂದರೆ ನಡುವಿನ ಹರಳಿಗಿಂತ ಸುಮಾರು 1.2 ಮಿಲಿಮೀಟರ್ ಹೆಚ್ಚು. ದೇಹದಲ್ಲಿ ಶಬ್ದವು ಸೆಕೆಂಡಿಗೆ 1540 ಮೀಟರ್ ಸಾಗುವುದೆಂದು ಹಿಡಿದರೆ, ತುದಿಯ ಹರಳಿಗೆ ಪ್ರತಿಧ್ವನಿಯು 0.8 ಮೈಕ್ರೊಸೆಕೆಂಡ್ ತಡವಾಗಿ ಮುಟ್ಟುತ್ತದೆ. ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಯಂತ್ರವು ಮೊದಲು ಬಂದ ಸಂಕೇತವನ್ನು ಅಷ್ಟು ಹೊತ್ತು ಕಾಯಿಸಿ, ತಡವಾಗಿ ಬಂದುದರೊಡನೆ ಕೂಡಿಸುತ್ತದೆ. ತೇರಿನ ಹಗ್ಗ ಹಿಡಿದವರೆಲ್ಲರೂ ಒಂದೇ ಕೂಗಿಗೆ ಎಳೆದಾಗ ತೇರು ಕದಲುವಂತೆ, ಎಲ್ಲ ಹರಳುಗಳ ಸಂಕೇತಗಳೂ ಒಮ್ಮೆಗೇ ಕೂಡಿದಾಗ ಆ ಬಿಂದು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತದೆ. 10 ಸೆಂಟಿಮೀಟರ್ ಆಳದ ಬಿಂದುವಿಗಾದರೆ 0.32 ಮೈಕ್ರೊಸೆಕೆಂಡ್ ಕಾಯಿಸಿದರೆ ಸಾಕು. ಆಳವು ಒಂದು ಸೆಂಟಿಮೀಟರ್ ಹೆಚ್ಚಿದಂತೆಲ್ಲ ಪ್ರತಿಧ್ವನಿಯು 13 ಮೈಕ್ರೊಸೆಕೆಂಡ್ ತಡವಾಗಿ ಬರುವುದರಿಂದ, ಆ ಅವಧಿಯೊಳಗೆ ಯಂತ್ರವು ಕಾಯಿಸುವ ಕಾಲವನ್ನು ಮಾರ್ಪಡಿಸುತ್ತ ಹೋಗುತ್ತದೆ.

ಇಲ್ಲಿಯ ಊಹೆಯು 1540 ಎಂಬ ಸಂಖ್ಯೆಯಲ್ಲಿದೆ. ಅದು ಮೃದು ಅಂಗಾಂಶಗಳ ಸರಾಸರಿ ಮಾತ್ರ. ಕೊಬ್ಬಿನಲ್ಲಿ ಶಬ್ದದ ವೇಗವು ಸುಮಾರು 1450 ಮೀಟರ್, ಸ್ನಾಯುವಿನಲ್ಲಿ ಸುಮಾರು 1580. ಸಾಲಿನ ಒಂದು ಭಾಗದ ಕೆಳಗೆ ಕೊಬ್ಬಿನ ಪದರವು 2.5 ಮಿಲಿಮೀಟರ್ ದಪ್ಪವಾಗಿದ್ದರೆ, ಅಲ್ಲಿಗೆ ಬರುವ ಪ್ರತಿಧ್ವನಿಯು ಲೆಕ್ಕಕ್ಕಿಂತ 0.1 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಸೆಕೆಂಡಿಗೆ 50 ಲಕ್ಷ ಬಾರಿ ಕಂಪಿಸುವ ಶಬ್ದದಲ್ಲಿ ಇದು ಸರಿಯಾಗಿ ಅರ್ಧ ಕಂಪನದ ಕಾಲ. ಆಗ ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗಿನೊಡನೆ ಕೂಡಿ ಎರಡೂ ಅಳಿಯುತ್ತವೆ, ಚಿತ್ರ ಮಸುಕಾಗುತ್ತದೆ. ಯಕೃತ್ತಿನಲ್ಲಿರುವ ಸಣ್ಣದೊಂದು ಗಂಟು ಆ ಮಸುಕಿನಲ್ಲಿ ಮರೆಯಾಗಬಹುದು. ತನ್ನ ಊಹೆ ತಪ್ಪಿತೆಂದು ಯಂತ್ರವು ಸಾಮಾನ್ಯವಾಗಿ ತಾನಾಗಿ ಹೇಳುವುದಿಲ್ಲ. ನೋಡುವವರು ಅದನ್ನು ಅರಿಯಬೇಕು.

ಯಂತ್ರಗಳು ದಿನೇ ದಿನೇ ಉತ್ತಮಗೊಳ್ಳುತ್ತಿರುವಾಗ ಈ ಚಿಂತೆ ನಮಗೇಕೆ ಎಂದು ಕೆಲವರು ಕೇಳಬಹುದು. ಎಲ್ಲ ಹರಳುಗಳ ಪ್ರತಿಧ್ವನಿಗಳನ್ನೂ ಸಂಗ್ರಹಿಸಿಟ್ಟು, ಪ್ರತಿಯೊಂದು ಬಿಂದುವಿಗೂ ಆಮೇಲೆ ಸಂಗಮವನ್ನು ಲೆಕ್ಕಹಾಕುವ ವಿಧಾನಗಳು ಬಂದಿವೆ. ಪ್ರತಿಧ್ವನಿಗಳಿಂದಲೇ ಶಬ್ದದ ವೇಗವನ್ನು ಅಂದಾಜು ಮಾಡುವ ಪ್ರಯತ್ನಗಳೂ ನಡೆದಿವೆ. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಇವು ಹುಟ್ಟಿದ್ದು ಹಳೆಯ ಲೆಕ್ಕದ ಊಹೆಯನ್ನು ಪ್ರಶ್ನಿಸಿದವರಿಂದ. ಹೊಸ ಲೆಕ್ಕಗಳಲ್ಲಿಯೂ ಬೇರೆ ಊಹೆಗಳಿರುತ್ತವೆ. ಅವನ್ನು ಪ್ರಶ್ನಿಸುವವರು ಮುಂದೆಯೂ ಬೇಕು.

ಆದುದರಿಂದ ಯಂತ್ರವನ್ನು ನಡೆಸಲು ಕಲಿಯುವವರಿಗೆ ಗುಂಡಿಗಳ ಪರಿಚಯದೊಡನೆ ಈ ಲೆಕ್ಕದ ಪರಿಚಯವೂ ಆಗಬೇಕು. ಶಾಲೆಯ ಅಧ್ಯಾಪಕರು ಪ್ರತಿಧ್ವನಿಯ ಪಾಠದಲ್ಲಿ ಬಾವಿಯ ಆಳ, ಬೆಟ್ಟದ ದೂರಗಳ ಲೆಕ್ಕದ ಜೊತೆಗೆ ಇದನ್ನೂ ಮಾಡಿಸಬಹುದು. ವಿದ್ಯಾರ್ಥಿಗಳು ಇಂದೇ ಒಂದು ಹಾಳೆಯ ಮೇಲೆ 2 ಸೆಂಟಿಮೀಟರ್ ಉದ್ದದ ಗೆರೆಯನ್ನೆಳೆದು, ಅದರ ಕೆಳಗೆ ಬೇರೆ ಬೇರೆ ಆಳಗಳಲ್ಲಿ ಬಿಂದುಗಳನ್ನಿಟ್ಟು, ಕಾಯಿಸಬೇಕಾದ ಕಾಲವನ್ನು ಕಂಡುಹಿಡಿಯಲಿ. ಬಳಿಕ 1540ರ ಬದಲು 1450 ಎಂದಿಟ್ಟು ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಲಿ. ಎರಡು ಉತ್ತರಗಳ ನಡುವಣ ಅಂತರವನ್ನು ಸ್ವತಃ ಕಂಡವರು ವೈದ್ಯರ ಪರದೆಯ ಮೇಲಿನ ಚಿತ್ರವನ್ನು ಹೆಚ್ಚಿನ ಗೌರವದಿಂದಲೂ ಹೆಚ್ಚಿನ ಎಚ್ಚರದಿಂದಲೂ ನೋಡುವರೆಂದು ನಾವು ನಂಬಿದ್ದೇವೆ.