ದೂರದ ಲೆನ್ಸಿನ ಹೇಡಿತನ

ಊರು ಸುತ್ತಿ ಫೋಟೊ ತೆಗೆಯಲು ಯಾವ ಲೆನ್ಸ್ ಬೇಕೆಂದು ಕೇಳಿ ನೋಡಿ. '70-200 ಇರಲಿ, ಜನರಿಗೆ ಗೊತ್ತಾಗದ ಹಾಗೆ ತೆಗೆಯಬಹುದು' ಎನ್ನುವವರು ಸಿಕ್ಕೇ ಸಿಗುತ್ತಾರೆ. ನನ್ನ ತಕರಾರು ಇರುವುದು ಆ 'ಗೊತ್ತಾಗದ ಹಾಗೆ' ಎಂಬ ಮಾತಿನ ಮೇಲೆಯೇ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುತ್ತಾ ಕೂತ ಅಜ್ಜಿಯೊಬ್ಬರು ಚೌಕಟ್ಟಿನ ತುಂಬ ಕಾಣಬೇಕೆನ್ನಿ. ಫುಲ್‌ಫ್ರೇಮ್ ಕ್ಯಾಮೆರಾವನ್ನು ಅಡ್ಡ ಹಿಡಿದು ಒಂದು ಮೀಟರ್ ಎತ್ತರ ತುಂಬಿಸಲು 200 ಎಂ.ಎಂ. ಲೆನ್ಸಿಗೆ ಸುಮಾರು 8 ಮೀಟರ್ ದೂರ ಬೇಕು; 35 ಎಂ.ಎಂ.ಗೆ ಒಂದೂವರೆ ಮೀಟರ್ ಸಾಕು. ಎಂಟು ಮೀಟರ್ ಆಚೆಯಿಂದ ಅವರು ಬರೀ ಗುರಿ. ಹತ್ತಿರ ಹೋದರೆ 'ಅಜ್ಜಿ, ಒಂದು ಫೋಟೊ ತೆಗೀಲಾ?' ಎಂದು ಕೇಳಬೇಕಾಗುತ್ತದೆ. ಅವರು 'ಬೇಡಪ್ಪ' ಎನ್ನಬಹುದು. ಹಾಗೆನ್ನುವ ಹಕ್ಕನ್ನೇ ದೂರದ ಲೆನ್ಸ್ ಕಿತ್ತುಕೊಳ್ಳುತ್ತದೆ.

ಇನ್ನೊಂದು ಮೋಸವೂ ಇದೆ. ದೂರದಿಂದ ತೆಗೆದಾಗ ಹಿಂದಿನವರು ಮುಂದಿನವರು ಒತ್ತಿಕೊಂಡಂತೆ ಕಾಣುತ್ತಾರೆ. ಸಾಧಾರಣ ಬೀದಿಯೂ ಜಾತ್ರೆಯಾಗುತ್ತದೆ. 'ಗಿಜಿಗುಡುವ ಭಾರತ'ದ ಎಷ್ಟೋ ಚಿತ್ರಗಳು ಹುಟ್ಟುವುದು ಹೀಗೆ.

ಕೇಳಿದರೆ ಸಹಜತೆ ಹೋಗುತ್ತದಂತೆ. ಹೋಗುವುದು ಎರಡು ನಿಮಿಷ. ಆಮೇಲೆ ಗಿರಾಕಿ ಬರುತ್ತಾರೆ, ಮೊಳ ಹಾಕಬೇಕು, ಚಿಲ್ಲರೆ ಎಣಿಸಬೇಕು. ನಮ್ಮನ್ನು ನೋಡುತ್ತಾ ಕೂರಲು ಅವರಿಗೆಲ್ಲಿ ಪುರುಸೊತ್ತು? ಕಾರ್ಟಿಯರ್ ಬ್ರೆಸನ್ ಕೂಡ ಕೇಳದೆ ತೆಗೆದವರಲ್ಲವೇ ಎನ್ನಬಹುದು. ನಿಜ. ಆದರೆ ಅವರು ಹೆಚ್ಚಾಗಿ ಬಳಸಿದ್ದು 50 ಎಂ.ಎಂ., ಅಂದರೆ ಎದುರಿನವರು ತಿರುಗಿ ಬೈಯಬಹುದಾದಷ್ಟು ದೂರ.

ಸಂಶೋಧನೆಯಲ್ಲಿ ನಾವು ಒಪ್ಪಿಗೆಯಿಲ್ಲದೆ ಯಾರ ಸಂದರ್ಶನವನ್ನೂ ಬಳಸುವಂತಿಲ್ಲ. ಕ್ಯಾಮೆರಾಕ್ಕೆ ಮಾತ್ರ ಏಕೆ ರಿಯಾಯಿತಿ?

ಚಾಮುಂಡಿ ಬೆಟ್ಟದ ಗೋಪುರದ ಶಿಲ್ಪಕ್ಕೆ ಉದ್ದ ಲೆನ್ಸ್ ಇರಲಿ. ಮಾರುಕಟ್ಟೆಗೆ 35 ಒಯ್ಯಿರಿ. ಕ್ರಾಪ್ ಸೆನ್ಸರ್ ಆದರೆ 23 ಅಥವಾ 24. ಹೂವಿನ ಅಂಗಡಿಯವರೆಗೆ ನಡೆದೇ ಹೋಗಿ.