ಚಿತ್ರದಲ್ಲಿ ಸಾಂಕರ್ಯವು ದೋಷವೆ?

ಕೊರಿಯಾ ದೇಶದ ಮಸಿಯ ಪರ್ವತಚಿತ್ರಗಳಲ್ಲಿ ಪಾಶ್ಚಾತ್ಯರ ಅಮೂರ್ತರೀತಿಯು ಬೆರೆತುದನ್ನು ಕುರಿತು ಈಚೆಗೆ ನಮ್ಮ ಸಂಘದಲ್ಲಿ ಮಾತು ನಡೆದಾಗ, ಮಾನ್ಯರೊಬ್ಬರು "ಇದು ಸಾಂಕರ್ಯ, ಅತ್ತಲೂ ಅಲ್ಲ, ಇತ್ತಲೂ ಅಲ್ಲ" ಎಂದು ತೀರ್ಪಿತ್ತರು. ಸಭೆಯು ತಲೆದೂಗಿತು. ನಾನು ತೂಗಲಾರೆ.

ಆ ಮಾನ್ಯರು ನಿತ್ಯವೂ ತರಕಾರಿ ಕೊಳ್ಳುವುದು ರಸೆಲ್ ಮಾರುಕಟ್ಟೆಯಲ್ಲಿ. ಆಂಗ್ಲರ ಆಳಿಕೆಯಲ್ಲಿ, 1927ರಲ್ಲಿ ಕಟ್ಟಿದ ಆ ಕಟ್ಟಡದಲ್ಲಿ ಹಿಂದೂಸ್ಥಾನದ ಮುಸಲ್ಮಾನೀ ಶಿಲ್ಪವೂ ಐರೋಪ್ಯರ ಕಟ್ಟುವಿಕೆಯೂ ಕೂಡಿಕೊಂಡಿವೆ. ಬದನೆಕಾಯಿ ಆರಿಸುವಾಗ ಆ ಸಾಂಕರ್ಯದಿಂದ ಅವರಿಗೆ ಮೈಲಿಗೆಯಾಗಲಿಲ್ಲವಷ್ಟೆ!

ಇರಲಿ, ಶಾಸ್ತ್ರವನ್ನೇ ಕೇಳೋಣ. ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದ್ದಾನೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಸಾದೃಶ್ಯವು ಆರರಲ್ಲಿ ಒಂದು ಮಾತ್ರ. ಕಂಡಂತೆಯೇ ಬರೆಯದ ಬೆಟ್ಟವು ಚಿತ್ರವಲ್ಲವೆನ್ನುವವರು ಉಳಿದೈದನ್ನು ಯಾವ ಹೊಳೆಗೆ ಬಿಟ್ಟರೊ ತಿಳಿಯದು.

ಕೊರಿಯಾದವರ ಶುದ್ಧ ಸಂಪ್ರದಾಯವಾದರೂ ಯಾವುದು? ಅವರ ಮಸಿಚಿತ್ರದ ಮೂಲವೇ ಚೀನ. ಜಂಗ್ ಸನ್ (1676–1759) ಎಂಬಾತನು, ತಾನು ಕಾಣದ ಚೀನದ ಗಿರಿಗಳನ್ನು ಅನುಕರಿಸುತ್ತ ಕೂರದೆ, ಸ್ವದೇಶದ ವಜ್ರಪರ್ವತವನ್ನು ಕಣ್ಣಾರೆ ಕಂಡು ಬರೆದನು. ಆತನ 1734ರ ಪಟದಲ್ಲಿ ಸಾವಿರ ಶಿಖರಗಳು ಒಂದು ವೃತ್ತದೊಳಗೆ ಅಡಗಿವೆ. ಯಾವ ಕಣ್ಣಿಗೆ ಹಾಗೆ ಕಂಡೀತು? ನಮ್ಮ ಕಾಲಕ್ಕೆ ಬಂದರೆ, ಟೋಕಿಯೋದಲ್ಲಿ ಕಲಿತ ಯು ಯಂಗ್‌ಗುಕ್ (1916–2002) ತೈಲವರ್ಣದಲ್ಲಿ ಬೆಟ್ಟವನ್ನು ತ್ರಿಕೋನಕ್ಕಿಳಿಸಿದನು. ಸೊ ಸೆ-ಓಕ್ ಮೊದಲಾದವರು 1960ರಲ್ಲಿ ಮಸಿಯ ಕೂಟವೊಂದನ್ನು ಕಟ್ಟಿ, ಅದೇ ಮಸಿಯಿಂದ ಅಮೂರ್ತವನ್ನು ಸಾಧಿಸಿದರು. ಹಳೆಯ ವೃತ್ತಕ್ಕೂ ಹೊಸ ತ್ರಿಕೋನಕ್ಕೂ ಅಷ್ಟೇನು ದೂರ?

ನಮ್ಮ ಮನೆಯ ದೃಷ್ಟಾಂತವೇ ಇದೆ. ಕೆ. ವೆಂಕಟಪ್ಪನವರ (1886–1965) ಗುರುಗಳಾದ ಅವನೀಂದ್ರನಾಥ ಠಾಕೂರರು ಬಣ್ಣವನ್ನು ನೀರಿನಲ್ಲಿ ತೊಳೆತೊಳೆದು ಹಚ್ಚುವ ಕ್ರಮವನ್ನು ಜಪಾನಿನ ಚಿತ್ರಕಾರರ ಸಹವಾಸದಿಂದ ಪಡೆದವರು. ಶಿಷ್ಯರು ಪಾಶ್ಚಾತ್ಯ ಜಲವರ್ಣದ ಕ್ರಮದಲ್ಲಿ ಉದಕಮಂಡಲ, ಕೊಡೈಕಾನಲ್‌ಗಳ ಗಿರಿಗಳನ್ನೂ ಮಂಜನ್ನೂ ಬರೆದರು. ಸಂಕರವೆಂದು ಅವರ ಹೆಸರಿನ ಚಿತ್ರಶಾಲೆಗೆ ಬೀಗ ಹಾಕಿಸೋಣವೆ?

ಈ ವಾದವು ಸಭೆಯಲ್ಲಿಯೇ ನಿಂತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ಬೀದಿಯ ಬಾಲಿಕೆಯೊಬ್ಬಳು ನಂದಿಬೆಟ್ಟವನ್ನು ಮಸಿಯಲ್ಲಿ ಬರೆದು, ಮಂಜಿರುವೆಡೆ ಕಾಗದವನ್ನು ಬರಿದೇ ಬಿಟ್ಟಳು. ಉಪಾಧ್ಯಾಯರು "ಅಪೂರ್ಣ"ವೆಂದು ಅಂಕ ಕಳೆದರು. ಎರಡು ಕೋಡುಗಲ್ಲು, ನಡುವೆ ಸೂರ್ಯ, ಕೆಳಗೊಂದು ಹೊಳೆ ಎಂದು ಹೇಳಿಕೊಟ್ಟಂತೆ ಬರೆದವರಿಗೆ ಪೂರ್ತಿ ಅಂಕ! ಇವರಾರೂ ಬೆಟ್ಟವನ್ನು ನೋಡಿದವರಲ್ಲ, ಆಕೆ ನೋಡಿದ್ದಾಳೆ. ಆ ಚಿತ್ರವನ್ನು ಮುಂದಿನ ಸಭೆಯಲ್ಲಿ ಇರಿಸಬೇಕೆಂದು ಕಾರ್ಯದರ್ಶಿಗಳನ್ನು ಪ್ರಾರ್ಥಿಸುತ್ತೇನೆ. ಮಾನ್ಯರು ದಯಮಾಡಿಸಿ, ಅದರಲ್ಲಿ ಅಪೂರ್ಣವಾದುದು ಯಾವುದೆಂದು ಬೆರಳಿಟ್ಟು ತೋರಿಸಲಿ.