ತೇಲುವ ರೈಲು, ಇಳಿಯುವ ಬಾವಿ ನೀರು

ಜಪಾನಿನ ಎಲ್‌0 ರೈಲು ಹೊರಡುವಾಗ ರಬ್ಬರ್ ಗಾಲಿಗಳ ಮೇಲೆಯೇ ಓಡುತ್ತದೆ. ವೇಗ ಗಂಟೆಗೆ 150 ಕಿ.ಮೀ. ಆಸುಪಾಸಿಗೆ ಬಂದಾಗ ಗಾಲಿಗಳು ಒಳಸೇರಿ, ಇಡೀ ರೈಲು ಅರ್ಧ ಗೇಣಿನಷ್ಟು, ಸುಮಾರು 10 ಸೆಂ.ಮೀ., ಮೇಲೆದ್ದು ತೇಲುತ್ತದೆ. ಬೋಗಿಗಳಲ್ಲಿರುವ ನಿಯೋಬಿಯಂ–ಟೈಟಾನಿಯಂ ಸುರುಳಿಗಳನ್ನು ದ್ರವ ಹೀಲಿಯಂ ಮೈನಸ್ 269 ಡಿಗ್ರಿಗೆ ತಣಿಸಿಡುತ್ತದೆ. ಆ ಚಳಿಯಲ್ಲಿ ವಿದ್ಯುತ್ತಿಗೆ ತಡೆಯೇ ಇಲ್ಲ; ಒಮ್ಮೆ ಹರಿಸಿದ್ದು ಸುತ್ತುತ್ತಲೇ ಇರುತ್ತದೆ. ಈ ಅಯಸ್ಕಾಂತಗಳು ರಭಸದಿಂದ ಹಾದುಹೋದಾಗ ಇಕ್ಕೆಲದ ಗೋಡೆಗಳ ಸುರುಳಿಗಳಲ್ಲಿ ತಾನಾಗಿ ವಿದ್ಯುತ್ ಹುಟ್ಟಿ ರೈಲನ್ನು ಎತ್ತಿ ಹಿಡಿಯುತ್ತದೆ. 2015ರ ಏಪ್ರಿಲ್‌ನಲ್ಲಿ ಯಾಮಾನಾಶಿಯ ಪರೀಕ್ಷಾ ಮಾರ್ಗದಲ್ಲಿ ಇದು 603 ಕಿ.ಮೀ. ವೇಗ ಮುಟ್ಟಿತು. ನಿಜಕ್ಕೂ ಬೆರಗಿನ ಸಾಧನೆ.

ಹಾಗಾದರೆ ತೊಡಕು ಎಲ್ಲಿದೆ? ಅಯಸ್ಕಾಂತದಲ್ಲಲ್ಲ, ಬೆಟ್ಟದಲ್ಲಿ. ಗಂಟೆಗೆ 500 ಕಿ.ಮೀ. ಓಡುವ ರೈಲು ಬಳಸುದಾರಿ ಹಿಡಿಯಲಾರದು. ತಿರುವಿನ ತ್ರಿಜ್ಯ 8 ಕಿ.ಮೀ.ಗೆ ಕಡಿಮೆಯಾಗುವಂತಿಲ್ಲ. ಹಾಗಾಗಿ ಟೋಕಿಯೊದ ಶಿನಾಗಾವದಿಂದ ನಗೋಯಾವರೆಗೆ ಈ ರೈಲಿಗಾಗಿ ಕಟ್ಟುತ್ತಿರುವ 286 ಕಿ.ಮೀ. ಚುವೊ ಮಾರ್ಗದ ಸುಮಾರು ಶೇ 86ರಷ್ಟು ಪಾಲು ಸುರಂಗ. ಅದರ 10.7 ಕಿ.ಮೀ. ಶಿಜುಓಕಾ ಪ್ರಾಂತ್ಯದ ಬೆಟ್ಟಗಳ ಅಡಿಯಲ್ಲಿದೆ. ಅಲ್ಲಿ ಒಂದೂ ನಿಲ್ದಾಣವಿಲ್ಲ, ಆದರೆ ಓಯಿ ನದಿಯ ತಲೆನೀರು ಅಲ್ಲಿಯದೇ. ಏನೂ ಕ್ರಮ ಕೈಗೊಳ್ಳದಿದ್ದರೆ ನದಿಯ ಹರಿವು ಸೆಕೆಂಡಿಗೆ 2 ಸಾವಿರ ಲೀಟರ್‌ವರೆಗೆ ಕುಗ್ಗಬಹುದೆಂದು 2013ರಲ್ಲಿ ಮಾರ್ಗ ಕಟ್ಟುವ ಜೆಆರ್ ಸೆಂಟ್ರಲ್ ಕಂಪನಿಯೇ ಅಂದಾಜಿಸಿತ್ತು. ಕೆಳಗೆ ಚಹಾ ತೋಟಗಳಿವೆ, ಕುಡಿಯುವ ನೀರಿಗೆ ಅದೇ ನದಿಯನ್ನು ನೆಚ್ಚಿದ ಪಟ್ಟಣಗಳಿವೆ. ಗವರ್ನರ್ ಕವಾಕಾತ್ಸು ಹೇಯಿತಾ ವರ್ಷಗಟ್ಟಲೆ ಒಪ್ಪಿಗೆ ಕೊಡಲಿಲ್ಲ. ಅವರನ್ನು ಪ್ರಗತಿಯ ವಿರೋಧಿ ಎಂದು ಜರಿದವರು, 2024ರಲ್ಲಿ ಗಿಫು ಪ್ರಾಂತ್ಯದ ಮಿಜುನಾಮಿಯಲ್ಲಿ ಸುರಂಗ ತೋಡುವಾಗ ಊರಿನ ಬಾವಿಗಳ ನೀರು ಇಳಿದು ಕೆಲಸ ನಿಂತದ್ದನ್ನು ನೋಡಬೇಕು. ಆ ಭಯ ಬರೀ ಊಹೆಯಾಗಿರಲಿಲ್ಲ.

ಅದೇ ವರ್ಷ 2027ರ ಉದ್ಘಾಟನೆಯ ಗುರಿಯನ್ನು ಕಂಪನಿ ಕೈಬಿಟ್ಟಿತು. 5.5 ಲಕ್ಷ ಕೋಟಿ ಯೆನ್ ಎಂದಿದ್ದ ವೆಚ್ಚ 2021ರಲ್ಲಿ 7 ಲಕ್ಷ ಕೋಟಿ ದಾಟಿತ್ತು, 2025ರಲ್ಲಿ 11 ಲಕ್ಷ ಕೋಟಿಗೆ ಏರಿತು.

ಪರ ವಾದಕ್ಕೂ ತೂಕವಿದೆ. 1964ರ ಬುಲೆಟ್ ರೈಲು ಮಾರ್ಗ ಟೊಕಾಯಿಡೊ ಶಿಂಕಾನ್‌ಸೆನ್ ಹಳತಾಗಿದೆ; ಮಹಾಭೂಕಂಪದ ಭೀತಿಯಿರುವ ಕರಾವಳಿಯಲ್ಲೇ ಅದು ಸಾಗುತ್ತದೆ. ಒಳನಾಡಿನಲ್ಲಿ ಇನ್ನೊಂದು ಮಾರ್ಗ ಬೇಕೇ ಬೇಕು. ಅದು ತೇಲಲೇಬೇಕಿತ್ತೇ ಎಂಬುದು ನನ್ನ ಪ್ರಶ್ನೆ. ಹಳಿಯ ಘರ್ಷಣೆ ತಪ್ಪಿದರೂ ಗಾಳಿಯದು ತಪ್ಪುವುದಿಲ್ಲ: ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ನಗೋಯಾಗೆ ಒಂದೂವರೆ ಗಂಟೆಯ ಪಯಣ 40 ನಿಮಿಷಕ್ಕೆ ಇಳಿಯುತ್ತದೆ, ನಿಜ. ಆದರೆ ಶಿನಾಗಾವದಲ್ಲಿ ನೆಲದಿಂದ ಸುಮಾರು 40 ಮೀಟರ್ ಆಳಕ್ಕೆ ಇಳಿಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂಬೈ–ಅಹಮದಾಬಾದ್ ನಡುವಿನ 508 ಕಿ.ಮೀ.ಗೆ ನಾವು ಜಪಾನಿನಿಂದ ತಂದದ್ದು ಗಾಲಿಯ ಶಿಂಕಾನ್‌ಸೆನ್ನನ್ನೇ; ಆ ಆಯ್ಕೆ ಸರಿ ಎಂದೇ ನನ್ನ ಅಭಿಪ್ರಾಯ.

ಗಾಲಿಯ ರೈಲಾದರೆ ನಗೋಯಾದಲ್ಲಿ ಹಳೆಯ ಹಳಿಗೆ ಸೇರಿಕೊಂಡು ಒಸಾಕಾ ದಾಟಿ ಹಕಾತಾವರೆಗೂ ಓಡಬಲ್ಲದು. ತೇಲುವ ರೈಲಿನಲ್ಲಿ ಬಂದವರು, ಒಸಾಕಾವರೆಗಿನ ಮಾರ್ಗ ಮುಗಿಯುವ ತನಕ, ಲಗೇಜ್ ಹೊತ್ತು ನಗೋಯಾದ ನೆಲಮಾಳಿಗೆಯಿಂದ ಮೇಲೆ ಹತ್ತಿ ಅದೇ ಹಳೆಯ ಶಿಂಕಾನ್‌ಸೆನ್ ಹಿಡಿಯಬೇಕು.